ಇಳಕಲ್ ಸೀರೆ ಉಟ್ಕೊಂಡು ಆಲ್ಪ್ಸ್ ಸುತ್ತೋಕಾಗುತ್ತಾ? ಅನುಭವ ಇದ್ದವರು ಹೇಳಿ

ಹುನಗುಂದದ_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ನಲ್ಲಿ ಎಂಎಸ್ ಓದ್ತಿದ್ದೇನೆ, ಎರಡನೇ ವರ್ಷ. ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಐದು ದಿನ ಆಲ್ಪ್ಸ್ ನೋಡಿ ಬರೋಣ ಅಂತಿದ್ದೇನೆ. ಮ್ಯೂನಿಕ್‌ನಿಂದ ಗಾರ್ಮಿಶ್, ಅಲ್ಲಿಂದ ಮಿಟೆನ್‌ವಾಲ್ಡ್ ಮೇಲೆ ಇನ್ಸ್‌ಬ್ರುಕ್, ಆಮೇಲೆ ಸ್ವಿಟ್ಜರ್ಲೆಂಡ್‌ನ ಇಂಟರ್‌ಲಾಕೆನ್, ಲಾಟರ್‌ಬ್ರುನೆನ್. ದುಡ್ಡು ಉಳಿದರೆ ಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರಾವ್‌ಯೋಖ್.

ವಿಷಯ ಏನಂದ್ರೆ, ಇಲ್ಲಿಗೆ ಬರುವಾಗ ಅಜ್ಜಿ ಒಂದು ಇಳಕಲ್ ಸೀರೆ ಕೊಟ್ಟಿದ್ದರು. ಗಿರಿಕುಂಕುಮ ಬಣ್ಣ, ಗೋಮಿ ದಡಿ. ರಾಜ್ಯೋತ್ಸವಕ್ಕೆ ಒಂದು ಸಲ ಉಟ್ಟಿದ್ದು ಬಿಟ್ಟರೆ ಸೂಟ್‌ಕೇಸ್ ತಳದಿಂದ ಮೇಲೆ ಬಂದಿಲ್ಲ. ಹೋದ ವಾರ ಫೋನ್‌ನಲ್ಲಿ "ಆ ಸೀರಿ ಏನ್ ಮಾಡ್ದಿ?" ಅಂತ ಕೇಳಿದರು. ಸುಮ್ನೆ "ಉಡ್ತೀನಜ್ಜಿ" ಅಂದುಬಿಟ್ಟೆ. ಅಜ್ಜಿ ಹಿಮ ನೋಡಿಲ್ಲ, ನೋಡೋದೂ ಇಲ್ಲ. ಅವರ ಸೀರೆಯಾದರೂ ನೋಡಲಿ ಅನ್ನಿಸಿತು.

ಫೋಟೋಕ್ಕೆ ಹತ್ತು ನಿಮಿಷ ಉಟ್ಟು ಬಿಚ್ಚೋದು ಬೇಡ. ಐದೂ ದಿನ ಸೀರೆಯಲ್ಲೇ ತಿರುಗಬೇಕು. ಇನ್ನೊಂದು ಹತ್ತಿಯದೂ ಇದೆ, ಬದಲಾಯಿಸೋಕೆ. ಚಳಿ ತಡೆಯುತ್ತಾ? ಕೇಬಲ್ ಕಾರ್ ಹತ್ತೋಕೆ ಬಿಡ್ತಾರಾ? ನಡೆಯೋಕಾಗುತ್ತಾ? ರೂಮ್‌ಮೇಟ್ ಅಂತೂ "ನಿಂಗೆ ತಲೆ ಕೆಟ್ಟಿದೆ" ಅಂದಳು.

ಹಾಸನ್_ಟು_ಹ್ಯಾಂಬರ್ಗ್
ರೂಮ್‌ಮೇಟ್ ಹೇಳಿದ್ದು ಸರಿ ಇದೆ.

ಜ್ಯೂರಿಕ್_ಅಕ್ಕ
ಆಗುತ್ತೆ ಪುಟ್ಟಿ, ಯಾಕಾಗಲ್ಲ? ನಮ್ಮತ್ತೆ ಊರಿಂದ ಬಂದಾಗ ಅವರನ್ನ ಗೋರ್ನರ್‌ಗ್ರಾಟ್‌ಗೆ ಕರ್ಕೊಂಡು ಹೋಗಿದ್ದೆ. 3089 ಮೀಟರ್. ಅವರಿಗೆ ಆಗ 68 ವರ್ಷ. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ, ಅಲ್ಲೂ ಸೀರೆಯೇ. ಮ್ಯಾಟರ್‌ಹಾರ್ನ್ ಎದುರು ಬೆಂಚಿನ ಮೇಲೆ ಕಾಲು ಮಡಚಿ ಕೂತು ಚಕ್ಕುಲಿ ತಿಂದರು. ಜೀನ್ಸ್ ಹಾಕ್ಕೊಂಡು ನಡುಗಿದವಳು ನಾನು.

ಒಳಗೆ ಏನು ಹಾಕ್ತೀಯ ಅನ್ನೋದು ನೋಡ್ಕೋ. ಮೆರಿನೋ ಉಣ್ಣೆಯ ತುಂಬುತೋಳಿನ ಥರ್ಮಲ್, ಅದರ ಮೇಲೆ ಖಣದ ಕುಪ್ಪಸ. ಕುಪ್ಪಸ ಒಂದಿಂಚು ಸಡಿಲ ಇರಲಿ, ಇಲ್ಲದಿದ್ದರೆ ಥರ್ಮಲ್ ಮೇಲೆ ಏರಲ್ಲ. ಲಂಗ ಬಿಡು. ಫ್ಲೀಸ್ ಲೆಗ್ಗಿಂಗ್ಸ್ ಹಾಕಿ ಸೊಂಟಕ್ಕೆ ಒಂದು ಗಟ್ಟಿ ಲಾಡಿ ಕಟ್ಟಿ, ನಿರಿಗೆ ಅದಕ್ಕೇ ಸಿಕ್ಕಿಸು. ಇನ್ನೊಂದು ಮಾತು ನೆನಪಿಟ್ಕೋ: ಮೊದಲು ಬೂಟು, ಆಮೇಲೆ ಸೀರೆ. ಬರಿಗಾಲಲ್ಲಿ ಸೀರೆ ಉಟ್ಟು ಆಮೇಲೆ ಬೂಟು ಹಾಕೋಕೆ ಬಗ್ಗಿದರೆ ನಿರಿಗೆ ಎಲ್ಲ ಕೈಗೆ ಬರುತ್ತೆ. ಬೂಟಿನ ಕತ್ತು ಕಾಣೋಷ್ಟು ಎತ್ತರಕ್ಕೆ ಉಡು. ನೆಲ ಗುಡಿಸೋ ಹಾಗೆ ಉಡಬೇಡ.

ದಾವಣಗೆರೆ_ಬೆಣ್ಣೆ
ರೀಲ್ಸ್‌ಗೆ ಅಂತ ನೇರವಾಗಿ ಹೇಳ್ಬಹುದಿತ್ತು. ಅಜ್ಜಿ ಯಾಕೆ ಮಧ್ಯೆ?

ಹುನಗುಂದದ_ಹುಡುಗಿ
ನನಗೆ ಇನ್‌ಸ್ಟಾಗ್ರಾಮ್ ಅಕೌಂಟೇ ಇಲ್ಲ ಅಣ್ಣಾ. ಅಜ್ಜಿಗೆ ವಾಟ್ಸ್ಆ್ಯಪ್ ಇದೆ, ಅಷ್ಟೇ.

ಪಂಚೆ_ಪ್ರಿಯ
ತಂಗಿ, ನನ್ನ ಕಥೆ ಕೇಳು, ಆಮೇಲೆ ತೀರ್ಮಾನ ಮಾಡು. 2016ರಲ್ಲಿ ಗೆಳೆಯರ ಜೊತೆ ಯುಂಗ್‌ಫ್ರಾವ್‌ಯೋಖ್‌ಗೆ ಪಂಚೆ ಉಟ್ಕೊಂಡು ಹೋಗಿದ್ದೆ. ಬಾಜಿ ಕಟ್ಟಿದ್ದೆ, ಬೇರೇನಿಲ್ಲ. ರೈಲಿನೊಳಗೆ ರಾಜನ ಹಾಗೆ ಕೂತಿದ್ದೆ. ಐಗರ್ ಬೆಟ್ಟದ ಹೊಟ್ಟೆಯೊಳಗೆ ಸುರಂಗ, ಮಧ್ಯೆ ಒಂದು ಕಡೆ ಐದು ನಿಮಿಷ ನಿಲ್ಲಿಸ್ತಾರೆ, ಬಂಡೆ ಕೊರೆದು ಮಾಡಿದ ಕಿಟಕಿಯಿಂದ ಹಿಮನದಿ ಕಾಣುತ್ತೆ. ಅಲ್ಲಿ ಚೈನಾದ ಒಂದು ಕುಟುಂಬ ನನ್ನ ಜೊತೆ ಫೋಟೋ ತೆಗೆಸ್ಕೊಂಡರು. ಭಾರೀ ಖುಷಿ.

ಮೇಲೆ ಹೋಗಿ ಹೊರಗೆ ಕಾಲಿಟ್ಟೆ ನೋಡು. ಗಾಳಿ ಕೆಳಗಿಂದ ಮೇಲೆ ಬರುತ್ತೆ ಅಲ್ಲಿ. ಪಕ್ಕದಿಂದ ಬಂದಿದ್ರೆ ಹಿಡ್ಕೋಬಹುದಿತ್ತು. ಒಂದು ಕೈಯಲ್ಲಿ ಮೊಬೈಲ್, ಒಂದು ಕೈಯಲ್ಲಿ ಪಂಚೆ, ಪಂಚೆಯೊಳಗೆ ಥರ್ಮಲ್ ಇದ್ದಿದ್ದು ನನ್ನ ಪೂರ್ವಜನ್ಮದ ಪುಣ್ಯ. ಗೆಳೆಯರ ಹತ್ತಿರ ವಿಡಿಯೋ ಇದೆ. ನನ್ನ ಮದುವೆ ಆರತಕ್ಷತೆಯಲ್ಲಿ ಪರದೆ ಮೇಲೆ ಹಾಕಿದರು.

ಕಚ್ಚೆ ಹಾಕು. ಗಂಡಾಗಲಿ ಹೆಣ್ಣಾಗಲಿ, ಬೆಟ್ಟಕ್ಕೆ ಕಚ್ಚೆಯೇ.

ಧಾರವಾಡದ_ಅವ್ವ
ಪಂಚೆ_ಪ್ರಿಯ ಹೇಳಿದ್ದು ಖರೇ. ನಮ್ಮ ಕಡೆ ಹೆಣ್ಣುಮಕ್ಕಳು ಕಚ್ಚೆ ಹಾಕಿ ಸೀರೆ ಉಟ್ಟೇ ಹೊಲದಾಗ ಕೆಲಸ ಮಾಡಿದವರು. ಗುಡ್ಡ ಹತ್ತೋದು ಅದರ ಮುಂದೆ ಏನೂ ಅಲ್ಲ. ಆದರೆ ಕಚ್ಚೆಗೆ ಒಂಬತ್ತು ಗಜದ್ದು ಬೇಕವ್ವಾ. ನಿನ್ನದು ಎಷ್ಟು ಗಜದ್ದು? ಆರು ಗಜದ್ದಾದರೆ ಕಚ್ಚೆ ಎಳೆದು ಕಟ್ಟಬಹುದು, ಸೆರಗು ಮಾತ್ರ ಗಿಡ್ಡ ಆಗುತ್ತೆ.

ಹುನಗುಂದದ_ಹುಡುಗಿ
ಆರು ಗಜದ್ದೇ ಅವ್ವಾ. ಅಜ್ಜಿ ಉಡೋದು ಒಂಬತ್ತು. ನನಗೆ ಅಂತ ಆರು ಗಜದ್ದು ತಗೊಂಡಿದ್ದಾರೆ.

ಮಡಿಕೇರಿ_ಮಂಜು
ಕೊಡವರ ಥರ ಉಡಿ. ನಮ್ಮದು ನಿರಿಗೆ ಹಿಂದೆ. ಮುಂದೆ ಕಾಲಿಗೆ ಸಿಕ್ಕಿಕೊಳ್ಳೋಕೆ ಏನೂ ಇರಲ್ಲ, ಸೆರಗು ಎದೆ ಸುತ್ತಿ ಬಂದು ಬಲಭುಜದ ಮೇಲೆ ಗಟ್ಟಿಯಾಗಿ ಕೂರುತ್ತೆ, ಹಾರಲ್ಲ. ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ನಿರಿಗೆ ಹಿಂದಕ್ಕೆ ಸರಿಯಿತು ಅಂತ ಕಥೆ ಇದೆ. ಕಥೆ ಏನೇ ಇರಲಿ, ಗುಡ್ಡ ಹತ್ತಿ ಇಳಿಯೋ ಜನ ಕಂಡುಕೊಂಡ ಉಡುಗೆ ಅದು. ಆರು ಗಜ ಸಾಕು.

ಧಾರವಾಡದ_ಅವ್ವ
ಇಳಕಲ್ ಸೀರೆನ ಕೊಡವರ ಥರ ಉಟ್ಟರೆ ಅಜ್ಜಿ ಏನಂತಾರೆ?

ಮಡಿಕೇರಿ_ಮಂಜು
ಬೀಳೋದಕ್ಕಿಂತ ವಾಸಿ ಅಂತಾರೆ.

ಬೆಟ್ಟ_ಹತ್ತೋ_ಭಟ್ಟ
ನಾನು ಇನ್ಸ್‌ಬ್ರುಕ್‌ನಲ್ಲಿದ್ದೇನೆ, ವಾರಕ್ಕೊಂದು ಬೆಟ್ಟ ಹತ್ತುತ್ತೇನೆ. ಎಲ್ಲರೂ ಹೇಗೆ ಉಡೋದು ಅಂತ ಮಾತಾಡ್ತಿದ್ದೀರಿ. ಎಲ್ಲಿ ಉಡಬಾರದು ಅಂತ ನಾನು ಹೇಳ್ತೀನಿ.

ಕೇಬಲ್ ಕಾರ್, ಹಲ್ಲುಗಾಲಿ ರೈಲು: ಏನೂ ತೊಂದರೆ ಇಲ್ಲ. ಮುಚ್ಚಿದ ಡಬ್ಬಿ, ಒಳಗೆ ಹೋಗಿ ನಿಲ್ಲೋದು. ಚೇರ್‌ಲಿಫ್ಟ್ ಬೇರೆ ಮಾತು. ಅದು ಪೂರ್ತಿ ನಿಲ್ಲಲ್ಲ, ಕುರ್ಚಿ ಹಿಂದಿನಿಂದ ಬಂದು ಮಂಡಿಗೆ ತಾಗಿದಾಗ ಕೂರಬೇಕು, ಇಳಿಯುವಾಗ ಎದ್ದು ಪಕ್ಕಕ್ಕೆ ಸರಿಯಬೇಕು. ಸೆರಗಿನ ತುದಿ ಕುರ್ಚಿಯ ಸಂದಿಗೆ ಸಿಕ್ಕಿದರೆ ನೀವು ಇಳಿದಿರ್ತೀರಿ, ಸೀರೆ ಮುಂದೆ ಹೋಗ್ತಿರುತ್ತೆ. ತಮಾಷೆ ಅಲ್ಲ. ಬೇಸಿಗೆಯಲ್ಲಿ ಹಳಿ ಮೇಲೆ ಜಾರೋ ಗಾಡಿಗಳಿರುತ್ತವಲ್ಲ, ಅದಂತೂ ಸೀರೆಯಲ್ಲಿ ಬೇಡವೇ ಬೇಡ. ಗಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತೆ.

ನಡಿಗೆ ದಾರಿ: ಸ್ವಿಟ್ಜರ್ಲೆಂಡ್‌ನಲ್ಲಿ ಬರೀ ಹಳದಿ ಫಲಕ ಇದ್ದರೆ ಯಾರು ಬೇಕಾದರೂ ನಡೀಬಹುದು. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ, ಕಡಿದು, ಒರಟು. ಬಿಳಿ-ನೀಲಿ-ಬಿಳಿ ಕಂಡರೆ ವಾಪಸ್ ತಿರುಗಿ, ಸೀರೆ ಇರಲಿ ಪ್ಯಾಂಟ್ ಇರಲಿ. ಫಲಕದಲ್ಲಿ ಬರೆದ ಸಮಯದಲ್ಲಿ ನಿಂತು ಸುಧಾರಿಸಿಕೊಳ್ಳೋದು ಸೇರಿರಲ್ಲ. ನಿರಿಗೆ ಸರಿ ಮಾಡ್ಕೊಳ್ಳೋದೂ ಸೇರಿರಲ್ಲ.

ಇನ್ನು ಹತ್ತಿ ಸೀರೆ. ಹತ್ತಿ ನೆಂದರೆ ಒಣಗಲ್ಲ, ಮೈ ಬಿಸಿ ಎಲ್ಲ ಎಳೆದುಕೊಳ್ಳುತ್ತೆ. ಸಾವಿರ ಮೀಟರ್ ಏರಿದರೆ ಸುಮಾರು 6-7 ಡಿಗ್ರಿ ಇಳಿಯುತ್ತೆ. ಇಂಟರ್‌ಲಾಕೆನ್‌ನಲ್ಲಿ 20 ಇದ್ದರೆ ಯುಂಗ್‌ಫ್ರಾವ್‌ಯೋಖ್‌ನಲ್ಲಿ ಸೊನ್ನೆ ಹತ್ತಿರ. ಅಲ್ಲಿ ಒದ್ದೆ ದಡಿ ಅಂದ್ರೆ ಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡ ಹಾಗೆ.

ಹುನಗುಂದದ_ಹುಡುಗಿ
ಭಟ್ರೇ, ನಡೆಯೋಕೆ ಒಂದು ಒಳ್ಳೆ ದಾರಿ ಹೇಳಿ. ಸೀರೆಗೆ ಆಗೋ ಹಾಗಿರಬೇಕು, ನೋಟವೂ ಇರಬೇಕು.

ಬೆಟ್ಟ_ಹತ್ತೋ_ಭಟ್ಟ
ಮ್ಯಾನ್ಲಿಖೆನ್‌ನಿಂದ ಕ್ಲೈನ ಶೈಡೆಗ್. ಕೇಬಲ್ ಕಾರಲ್ಲಿ ಮೇಲೆ ಹೋಗಿ, ಅಲ್ಲಿಂದ ಒಂದೂವರೆ ಗಂಟೆ, ಅಗಲವಾದ ದಾರಿ, ನಿಧಾನವಾಗಿ ಇಳಿಜಾರು. ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರೂ ಎದುರಿಗೇ. ತಳ್ಳುಗಾಡಿಯಲ್ಲಿ ಮಗು ಕೂರಿಸ್ಕೊಂಡು ಹೋಗೋರನ್ನೂ ನೋಡಿದ್ದೇನೆ. ಇನ್ಸ್‌ಬ್ರುಕ್‌ಗೆ ಬಂದಾಗ ನೋರ್ಡ್‌ಕೆಟೆ ಬೆಟ್ಟ. ಊರ ಮಧ್ಯದಿಂದ ಅರ್ಧ ಗಂಟೆಯೊಳಗೆ ಎರಡು ಸಾವಿರ ಮೀಟರ್ ದಾಟಿರ್ತೀರಿ.

ಬಳ್ಳಾರಿ_ಬಿಸಿಲು
ಯುಂಗ್‌ಫ್ರಾವ್ ಯುರೋಪಿನ ಅತಿ ಎತ್ತರದ ಶಿಖರ ಅಲ್ವಾ? ಅಲ್ಲಿಗೆ ಸೀರೆ ಅಂದ್ರೆ ದಾಖಲೆ ಆಗುತ್ತೆ!

ಇತಿಹಾಸದ_ಮೇಷ್ಟ್ರು
ಅಲ್ಲ ಸ್ವಾಮಿ. ಆಲ್ಪ್ಸ್‌ನಲ್ಲಿ ಎತ್ತರದ್ದು ಮೋ ಬ್ಲಾಂ. ಯುಂಗ್‌ಫ್ರಾವ್‌ಯೋಖ್ ಶಿಖರವೇ ಅಲ್ಲ, ಎರಡು ಶಿಖರಗಳ ನಡುವಿನ ತಗ್ಗು ಜಾಗ. ಅಲ್ಲಿರೋದು ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ, 3454 ಮೀಟರ್, 1912ರಲ್ಲಿ ಶುರುವಾಗಿದ್ದು. ದಾಖಲೆನೂ ಆಗಲ್ಲ. ದಿನಾ ಎಷ್ಟೋ ಭಾರತದ ಹೆಂಗಸರು ಅಲ್ಲಿ ಸೀರೆಯಲ್ಲೇ ಓಡಾಡ್ತಾರೆ, ಮೇಲೆ ಭಾರತೀಯ ಊಟದ ಹೋಟೆಲ್ಲೇ ಇದೆ.

ಉದ್ದ ಬಟ್ಟೆಯಲ್ಲಿ ಆಲ್ಪ್ಸ್ ಹತ್ತೋದು ಹೊಸದೂ ಅಲ್ಲ. 1808ರಲ್ಲಿ ಶಮೋನಿಯ ಕೆಲಸದ ಹೆಣ್ಣುಮಗಳು ಮರೀ ಪಾರಾದಿ ಮೋ ಬ್ಲಾಂ ಹತ್ತಿದಳು, ಅಲ್ಲಿಗೆ ತಲುಪಿದ ಮೊದಲ ಹೆಂಗಸು. 1871ರಲ್ಲಿ ಲೂಸಿ ವಾಕರ್ ಮ್ಯಾಟರ್‌ಹಾರ್ನ್ ಹತ್ತಿದ್ದು ಲಂಗ ತೊಟ್ಟೇ. ಆ ಬೆಟ್ಟವನ್ನು ಮೊದಲ ಸಲ ಮನುಷ್ಯರು ಹತ್ತಿ ಆಗ ಬರೀ ಆರು ವರ್ಷ ಆಗಿತ್ತು. ಆ ಕಾಲದ ಹೆಂಗಸರು ಊರಲ್ಲಿ ಲಂಗ ಹಾಕ್ಕೊಂಡು ಹೊರಡೋದು, ಊರು ಮರೆಯಾದ ಮೇಲೆ ಲಂಗ ಬಿಚ್ಚಿ ಬಂಡೆ ಹಿಂದೆ ಇಟ್ಟು ಒಳಗಿನ ಚಡ್ಡಿಯಲ್ಲಿ ಹತ್ತೋದು, ವಾಪಸ್ ಬರುವಾಗ ಮತ್ತೆ ಲಂಗ. ಎಲಿಜಬೆತ್ ಲೆ ಬ್ಲಾಂಡ್ ಒಂದು ಸಲ ಲಂಗ ಬೆಟ್ಟದ ಮೇಲೇ ಮರೆತು, ಊರೊಳಗೆ ಹಾಗೇ ಹೋಗೋಕಾಗದೆ ಮತ್ತೆ ಹತ್ತಿದಳು ಅಂತ ಕಥೆ ಇದೆ. ಆಕೆಯೇ ಮುಂದೆ 1907ರಲ್ಲಿ ಲಂಡನ್ನಿನ ಹೆಂಗಸರ ಪರ್ವತಾರೋಹಿ ಸಂಘದ ಮೊದಲ ಅಧ್ಯಕ್ಷೆ ಆದಳು.

ಪಂಚೆ_ಪ್ರಿಯ
ಮತ್ತೆ ಹತ್ತಿದಳಾ! ನನ್ನ ಪಂಚೆ ಹಾರಿ ಹೋಗಿದ್ರೆ ನಾನು ಹಾಗೇ ಊರಿಗೆ ಬರ್ತಿದ್ದೆ.

ಕೋಲಾರದ_ಚಿನ್ನ
ಬೊಲಿವಿಯಾದ ಐಮಾರಾ ಹೆಂಗಸರನ್ನ ನೋಡಿ. ತಮ್ಮ ಅಗಲ ಲಂಗ ಹಾಕ್ಕೊಂಡೇ 2019ರಲ್ಲಿ ಅಕೊಂಕಾಗ್ವಾ ಹತ್ತಿದರು. ಅದು 6900 ಮೀಟರ್ ಮೇಲೆ. ಬೆನ್ನುಚೀಲದ ಬದಲು ತಮ್ಮ ಬಣ್ಣದ ಶಾಲಲ್ಲೇ ಸಾಮಾನು ಕಟ್ಕೋತಾರೆ. ಅವರ ಮುಂದೆ ನಮ್ಮ ಹುಡುಗಿ ರೈಲಲ್ಲಿ ಹೋಗೋದಕ್ಕೆ ಇಷ್ಟು ಚರ್ಚೆ!

ದಾವಣಗೆರೆ_ಬೆಣ್ಣೆ
ಅದು ಅವರ ಊರು, ಅವರ ಬಟ್ಟೆ. ಇದು ಬೇರೆಯವರ ಊರು. ಎಲ್ಲರ ನಡುವೆ ವೇಷ ಹಾಕ್ಕೊಂಡ ಹಾಗೆ ಕಾಣಲ್ವಾ?

ಜ್ಯೂರಿಕ್_ಅಕ್ಕ
ಸೀರೆ ವೇಷ ಹೇಗಾಗುತ್ತಪ್ಪಾ? ನಿಮ್ಮಮ್ಮ ಅಡುಗೆಮನೆಯಲ್ಲಿ ವೇಷ ಹಾಕ್ಕೊಂಡು ನಿಲ್ತಾರಾ?

ದಾವಣಗೆರೆ_ಬೆಣ್ಣೆ
ಮೇಡಂ, ಅಮ್ಮನ ವಿಷಯಕ್ಕೆ ಬರಬೇಡಿ. ನಾನು ಹೇಳಿದ್ದು ಸಂದರ್ಭ.

ಆಗ್ಸ್‌ಬುರ್ಗ್_ಅಡಿಗ
ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್ ಲೋಕಲ್ ರೈಲು ಹತ್ತಿ ನೋಡಿ ಬೆಣ್ಣೆ ಅವರೇ. ಬಿಯರ್ ಜಾತ್ರೆ, ಆಕ್ಟೋಬರ್‌ಫೆಸ್ಟ್ ಅಂತ ಹೆಸರು, ಶುರುವಾಗೋದು ಸೆಪ್ಟೆಂಬರ್‌ನಲ್ಲೇ. ಬ್ಯಾಂಕಿನ ಮ್ಯಾನೇಜರ್ ಚರ್ಮದ ಚಡ್ಡಿ ಹಾಕ್ಕೊಂಡು ಕೂತಿರ್ತಾನೆ. ನಮ್ಮ ಆಫೀಸಿನ ಹುಡುಗಿಯರೆಲ್ಲ ಡಿರ್ನ್‌ಡಲ್, ಅಂದ್ರೆ ಇಲ್ಲಿನ ಸಾಂಪ್ರದಾಯಿಕ ಲಂಗದ ಉಡುಪು. ಸೀರೆ ಉಟ್ಟವಳನ್ನ ಅವತ್ತು ಯಾರೂ ತಿರುಗಿ ನೋಡಲ್ಲ.

ಡಿರ್ನ್‌ಡಲ್‌ನ ಮುಂದಿನ ಅಡುಗೆ ಅಪ್ರನ್ ಇದೆಯಲ್ಲ, ಅದರ ಗಂಟು ಎಡಗಡೆ ಇದ್ದರೆ ಮದುವೆ ಆಗಿಲ್ಲ, ಬಲಗಡೆ ಇದ್ದರೆ ಆಗಿದೆ ಅಂತ ಲೆಕ್ಕ. ನಮ್ಮ ಕಾಲುಂಗುರದ ಹಾಗೆ. ಹುಡುಗಿ, ನಿನ್ನ ನಿರಿಗೆ ಯಾವ ಕಡೆ ಅಂತ ಯಾರಾದರೂ ಕೇಳಿದರೆ ಗಾಬರಿ ಬೀಳಬೇಡ.

ಇತಿಹಾಸದ_ಮೇಷ್ಟ್ರು
ಡಿರ್ನ್‌ಡಲ್ ನಾವು ಅಂದುಕೊಂಡಷ್ಟು ಪುರಾತನ ಹಳ್ಳಿ ಬಟ್ಟೆಯೂ ಅಲ್ಲ. ಕೆಲಸದ ಹೆಣ್ಣುಮಕ್ಕಳ ಉಡುಪು, ಬೇಸಿಗೆಗೆ ಬೆಟ್ಟಕ್ಕೆ ಬಂದ ಪಟ್ಟಣದ ಶ್ರೀಮಂತ ಹೆಂಗಸರು ಅದನ್ನ ಚೆಂದ ಮಾಡಿ ತೊಟ್ಟರು. ಮ್ಯೂನಿಕ್‌ನಲ್ಲಿ ಅದಕ್ಕೆ ಹೆಸರು ತಂದುಕೊಟ್ಟವರು ವಾಲಾಖ್ ಅನ್ನೋ ಯಹೂದಿ ಅಣ್ಣ-ತಮ್ಮ. ಆಕ್ಟೋಬರ್‌ಫೆಸ್ಟ್‌ಗೆ ನೂರು ವರ್ಷ ತುಂಬಿದ 1910ರ ಮೆರವಣಿಗೆಗೆ ಬಟ್ಟೆ ಹೊಲಿದುಕೊಟ್ಟರು. 1938ರಲ್ಲಿ ನಾಜಿಗಳು ಅವರ ಅಂಗಡಿ ಕಿತ್ತುಕೊಂಡರು. ಅದೇ ವರ್ಷ ಸಾಲ್ಸ್‌ಬುರ್ಗ್‌ನಲ್ಲಿ ಯಹೂದಿಗಳು ಈ ಬಟ್ಟೆ ತೊಡಲೇಬಾರದು ಅಂತ ಆಜ್ಞೆ ಆಯ್ತು. ಯಾರು ಎಲ್ಲಿ ಏನು ಉಡಬೇಕು ಅಂತ ಅಪ್ಪಣೆ ಕೊಡೋಕೆ ಹೊರಟವರ ಕಥೆ ಆ ಬೆಟ್ಟಗಳಲ್ಲೂ ಇದೆ ಬೆಣ್ಣೆ ಅವರೇ.

ದಾವಣಗೆರೆ_ಬೆಣ್ಣೆ
ಮೇಷ್ಟ್ರೇ, ಒಂದು ಮಾತಿಗೆ ನನ್ನನ್ನ ನಾಜಿ ಮಾಡಿಬಿಟ್ರಲ್ಲ. ಸರಿ, ಉಟ್ಕೊಳ್ಳಿ. ನಾನು ಸುಮ್ನಿರ್ತೀನಿ.

ಇತಿಹಾಸದ_ಮೇಷ್ಟ್ರು
ಅಯ್ಯೋ, ಹಾಗೆ ಹೇಳಲಿಲ್ಲ. ಕ್ಷಮಿಸಿ.

ನೇಕಾರನ_ಮಗ
ಇಳಕಲ್ ಅಂದದ್ದಕ್ಕೆ ಬಂದೆ. ನಮ್ಮಪ್ಪ ಮಗ್ಗದ ಮೇಲೆ ಕೂತು ಸೊಂಟ ಹಿಡಿಸಿಕೊಂಡವರು. ತಂಗಿ, ನಿನ್ನ ಸೀರೆ ಒಡಲು ರೇಷ್ಮೆಯದಾ, ಹತ್ತಿದಾ, ಚಮಕಾನಾ? ಚಮಕಾ ಆದರೆ ಕೃತಕ ರೇಷ್ಮೆ, ಗಾಳಿಗೆ ಜಾರುತ್ತೆ, ಪಿನ್ ಜಾಸ್ತಿ ಬೇಕು. ಪಿನ್ ಹಾಕುವಾಗ ಸೆರಗು ಒಡಲಿಗೆ ಸೇರೋ ಗೆರೆ ಮೇಲೆ ಮಾತ್ರ ಚುಚ್ಚಬೇಡ. ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರ್ತಾರೆ. ಒಂದು ಎಳೆ ಹರಿದರೆ ಸರಿ ಮಾಡೋರು ಮ್ಯೂನಿಕ್‌ನಲ್ಲಿ ಸಿಗಲ್ಲ.

ಇನ್ನೊಂದು. ಸೆರಗಿನ ಮೇಲೆ ಬಿಳಿ ವಿನ್ಯಾಸ ಇರುತ್ತಲ್ಲ, ಅದಕ್ಕೆ ಒಂದೊಂದಕ್ಕೂ ಹೆಸರಿದೆ. ಬಾಚಣಿಗೆ ಥರ ಇರೋದು ಹಣಿಗಿ, ಕೋಟೆ ಗೋಡೆ ಥರದ್ದು ಕೋಟಿ ಕಮ್ಲಿ, ಜೋಳದ ತೆನೆ ಥರದ್ದು ತೋಪುತೆನಿ. ಬೆಟ್ಟದ ಸಾಲಿನ ಥರ ಇರೋದಕ್ಕೆ ರಂಪ ಅಂತಾರೆ. ನಿನ್ನ ಸೆರಗಲ್ಲಿ ಯಾವುದಿದೆ ನೋಡು.

ಹುನಗುಂದದ_ಹುಡುಗಿ
ಈಗ ತೆಗೆದು ನೋಡಿದೆ. ಬೆಟ್ಟದ ಸಾಲೇ ಇದೆ ಅಣ್ಣಾ! ಇಷ್ಟು ದಿನ ಹಲ್ಲು ಅಂದುಕೊಂಡಿದ್ದೆ.

ಪಂಚೆ_ಪ್ರಿಯ
ಐಗರ್ ಮುಂದೆ ನಿಂತು ರಂಪ ಮಾಡು.

ಹಾಸನ್_ಟು_ಹ್ಯಾಂಬರ್ಗ್
ಊಟಕ್ಕೇನು ಮಾಡ್ತೀರಿ? ಅಲ್ಲಿ ಒಂದು ಪ್ಲೇಟ್ ಬದನೆಕಾಯಿ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ತಗೋತಾರೆ.

ಧಾರವಾಡದ_ಅವ್ವ
ಕಡಕ್ ರೊಟ್ಟಿ ಒಯ್ಯವ್ವಾ. ತಿಂಗಳಾದರೂ ಕೆಡಂಗಿಲ್ಲ. ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಮೊಸರು. ಬೆಟ್ಟದ ಮೇಲೆ ಮೊಸರು ಹುಳಿಯಾಗೋದೂ ಇಲ್ಲ.

ಆಗ್ಸ್‌ಬುರ್ಗ್_ಅಡಿಗ
ಒಣರೊಟ್ಟಿ ಬೆನ್ನುಚೀಲದಲ್ಲಿ ಹಾಕಿದರೆ ಇಂಟರ್‌ಲಾಕೆನ್ ತಲುಪೋವಾಗ ಜೋಳದ ಹಿಟ್ಟಾಗಿರುತ್ತೆ. ಗಟ್ಟಿ ಡಬ್ಬಿಯಲ್ಲಿಡಿ. ನೀರು ಕೊಳ್ಳಬೇಡಿ. ಸ್ವಿಟ್ಜರ್ಲೆಂಡ್‌ನ ಊರೂರಲ್ಲಿ ಕಲ್ಲಿನ ತೊಟ್ಟಿಗೆ ಕುಡಿಯೋ ನೀರು ಬೀಳ್ತಿರುತ್ತೆ, 'ಕೈನ್ ಟ್ರಿಂಕ್‌ವಾಸರ್' (ಕುಡಿಯೋ ನೀರಲ್ಲ) ಅಂತ ಬರೆದಿದ್ದರೆ ಮಾತ್ರ ಬೇಡ.

ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಲೋಕಲ್ ರೈಲುಗಳ ತಿಂಗಳ ಪಾಸ್) ಇದ್ದರೆ ಮಿಟೆನ್‌ವಾಲ್ಡ್ ತನಕ ಅದೇ ಸಾಕು, ಮುಂದೆ ಆಸ್ಟ್ರಿಯಾದ ಟಿಕೆಟ್ ಬೇರೆ. ಗಾರ್ಮಿಶ್‌ನಿಂದ ತ್ಸುಗ್‌ಸ್ಪಿಟ್ಸೆ ಬೆಟ್ಟಕ್ಕೆ ಹೋಗೋ ರೈಲಿಗೂ ಆ ಪಾಸ್ ನಡೆಯಲ್ಲ, ಬೇರೆ ತಗೋಬೇಕು. ಪಾಸ್‌ಪೋರ್ಟ್, ವಾಸದ ಪರವಾನಗಿ ಎರಡೂ ಜೊತೆಗಿರಲಿ. ಗಡಿಯಲ್ಲಿ ಪೊಲೀಸರು ಹತ್ತಿ ಕೇಳ್ತಾರೆ. ಸೀರೆಗೆ ಜೇಬಿಲ್ಲ ಅನ್ನೋದು ಆಗ ನೆನಪಾಗುತ್ತೆ. ಸೊಂಟಕ್ಕೆ ಸಣ್ಣ ಚೀಲ ಕಟ್ಕೋ.

ಶಿರಸಿ_ಸೀಮೆ
ಲಾಟರ್‌ಬ್ರುನೆನ್‌ಗೆ ಹೋದರೆ ಸ್ಟಾಬ್‌ಬಾಖ್ ಜಲಪಾತ ನೋಡಿ. 297 ಮೀಟರ್. ಆದರೆ ನಮ್ಮ ಜೋಗದ ಮುಂದೆ ಏನೂ ಅಲ್ಲ.

ಬೆಟ್ಟ_ಹತ್ತೋ_ಭಟ್ಟ
ಜೋಗ 253. ಎತ್ತರದಲ್ಲಿ ಸ್ಟಾಬ್‌ಬಾಖೇ ಜಾಸ್ತಿ.

ಶಿರಸಿ_ಸೀಮೆ
ಎತ್ತರ ಯಾರು ಕೇಳಿದ್ರು? ನೀರು ನೋಡಿ, ನೀರು! ಅದು ನಲ್ಲಿ ಬಿಟ್ಟ ಹಾಗೆ ಬೀಳುತ್ತೆ. ಮಳೆಗಾಲದಲ್ಲಿ ರಾಜಾ-ರೋರರ್ ಒಂದಾದಾಗ ಬನ್ನಿ, ಮಾತು ಕೇಳಿಸಲ್ಲ.

ಬೆಟ್ಟ_ಹತ್ತೋ_ಭಟ್ಟ
ಮಳೆಗಾಲದಲ್ಲಿ ಜೋಗ ಕಾಣೋದೇ ಇಲ್ಲ, ಬರೀ ಮಂಜು. ಮೂರು ಸಲ ಹೋಗಿ ಮೂರು ಸಲ ಮೆಣಸಿನಕಾಯಿ ಬಜ್ಜಿ ತಿಂದು ಬಂದಿದ್ದೇನೆ.

ಜ್ಯೂರಿಕ್_ಅಕ್ಕ
ಜೋಗದ ಜಗಳಕ್ಕೆ ಬೇರೆ ಚರ್ಚೆ ಶುರು ಮಾಡ್ಕೊಳ್ಳಿ. ಹುಡುಗಿ, ಹೋಗಿ ಬಂದು ಬರೆ.

ಹುನಗುಂದದ_ಹುಡುಗಿ (ಐದು ವಾರಗಳ ನಂತರ)
ಹೋಗಿ ಬಂದೆ! ತಡವಾಯ್ತು, ಕ್ಷಮಿಸಿ. ಐದು ದಿನದಲ್ಲಿ ನಾಲ್ಕು ದಿನ ಸೀರೆ, ಒಂದು ದಿನ ಜೀನ್ಸ್. ಜೀನ್ಸ್ ಯಾಕೆ ಅಂತ ಕೊನೆಗೆ ಹೇಳ್ತೀನಿ.

ಮೊದಲ ದಿನ ಮ್ಯೂನಿಕ್ ನಿಲ್ದಾಣದಲ್ಲೇ ಧೈರ್ಯ ಬಂತು. ಪ್ಲಾಟ್‌ಫಾರ್ಮ್ ತುಂಬ ಡಿರ್ನ್‌ಡಲ್. ಪಕ್ಕದಲ್ಲಿ ಕೂತ ಅಜ್ಜಿ ನನ್ನ ದಡಿ ಮುಟ್ಟಿ ನೋಡಿ "ಕೈಮಗ್ಗದ್ದಾ?" ಅಂತ ಕೇಳಿದರು. ಹೌದು ಅಂದೆ. ತಮ್ಮ ಅಪ್ರನ್ ತೋರಿಸಿ "ನಮ್ಮಮ್ಮನದು" ಅಂದರು. ಅವರ ಗಂಟು ಹಿಂದುಗಡೆ ಇತ್ತು. ಅಡಿಗರೇ, ನೀವು ಎಡ-ಬಲ ಮಾತ್ರ ಹೇಳಿದ್ರಿ. ಹಿಂದೆ ಕಟ್ಟಿದರೆ ಏನು ಅಂತ ನಾನು ಪೆದ್ದಿ ಹಾಗೆ ಅವರನ್ನೇ ಕೇಳಿಬಿಟ್ಟೆ. "ಗಂಡ ಹೋದ ಮೇಲೆ ಹೀಗೆ" ಅಂದರು. ಗಾರ್ಮಿಶ್ ಬರೋ ತನಕ ನನ್ನ ಬಾಯಿಂದ ಮಾತು ಬರಲಿಲ್ಲ. ಇಳಿಯುವಾಗ ಅವರೇ ನನ್ನ ಭುಜದ ಪಿನ್ ಸರಿ ಮಾಡಿದರು.

ತ್ಸುಗ್‌ಸ್ಪಿಟ್ಸೆ ಮೇಲೆ ಗಾಳಿ ಇತ್ತು, ಆದರೆ ಮಂಜು ಅಕ್ಕ/ಅಣ್ಣ ಹೇಳಿದ ಹಾಗೆ ನಿರಿಗೆ ಹಿಂದೆ ಮಾಡಿ ಉಟ್ಟಿದ್ದೆ. ಅಲುಗಾಡಲಿಲ್ಲ. ಜ್ಯೂರಿಕ್ ಅಕ್ಕ, ಬೂಟು ಮೊದಲು ಅನ್ನೋ ಮಾತಿಗೆ ನಿಮಗೆ ಸಾಷ್ಟಾಂಗ.

ಮಿಟೆನ್‌ವಾಲ್ಡ್ ಹತ್ತಿರ ಒಂದು ಹಳ್ಳಿಯಲ್ಲಿ ಇಳಿದೆ, ಯೋಜನೆಯಲ್ಲಿ ಇರಲೇ ಇಲ್ಲ. ಬೇಸಿಗೆ ಪೂರ್ತಿ ಬೆಟ್ಟದ ಮೇಲೆ ಮೇಯೋ ದನಗಳನ್ನ ಸೆಪ್ಟೆಂಬರ್‌ನಲ್ಲಿ ಕೆಳಗೆ ಇಳಿಸ್ತಾರಂತೆ. ತಲೆಗೆ ಹೂವಿನ ಕಿರೀಟ, ಕೊರಳಿಗೆ ಬಿಂದಿಗೆ ಗಾತ್ರದ ಗಂಟೆ. ನಮ್ಮ ಕಾರಹುಣ್ಣಿಮೆ ಎತ್ತುಗಳೇ ನೆನಪಾದವು. ಆ ವರ್ಷ ಬೆಟ್ಟದಲ್ಲಿ ಒಂದು ದನ ಸತ್ತರೂ ಮಂದೆಗೆ ಹೂವು ಕಟ್ಟಲ್ಲ ಅಂತ ಪಕ್ಕದವರು ಹೇಳಿದರು. ಅವತ್ತು ಬಂದ ಎರಡನೇ ಮಂದೆ ಬರಿತಲೆಯಲ್ಲಿ ಬಂತು. ಜನ ಚಪ್ಪಾಳೆ ನಿಲ್ಲಿಸಿದರು. ಗಂಟೆ ಸದ್ದು ಮಾತ್ರ.

ಇನ್ಸ್‌ಬ್ರುಕ್ ಮಳೆ. ಎರಡು ಸಾವಿರ ಮೀಟರ್ ಮೇಲೆ ಹೋಗಿ ಬಿಳಿ ಗೋಡೆ ನೋಡಿ ಬಂದೆ. ಭಟ್ರ ಜೋಗದ ಹಾಗೆ, ಬಜ್ಜಿ ಮಾತ್ರ ಇರಲಿಲ್ಲ.

ಮ್ಯಾನ್ಲಿಖೆನ್ ದಾರಿ ನಡೆದಿದ್ದೇ ಬೇರೆ ಖುಷಿ. ಎದುರಿಗೆ ಬಂದವರೆಲ್ಲ "ಗ್ರ್ಯೂಯೆಟ್ಸಿ" ಅಂತ ನಮಸ್ಕಾರ. ಅರ್ಧ ದಾರಿಯಲ್ಲಿ ಕೂತು ರೊಟ್ಟಿ, ಚಟ್ನಿಪುಡಿ ತಿಂದೆ. ಅವ್ವಾ, ಪಕ್ಕದಲ್ಲಿ ಕೂತ ಒಬ್ಬ ಹುಡುಗ ರೊಟ್ಟಿ ಮುರಿದ ಸದ್ದು ಕೇಳಿ ಒಂದು ತುಂಡು ಕೇಳಿ ತಗೊಂಡ. ಚಟ್ನಿಪುಡಿ ಬಾಯಿಗೆ ಹಾಕಿದ ಮೇಲೆ ನನ್ನ ನೀರಿನ ಬಾಟಲಿಯನ್ನೂ ಖಾಲಿ ಮಾಡಿದ.

ಯುಂಗ್‌ಫ್ರಾವ್‌ಯೋಖ್‌ಗೆ ಹೋಗಲಿಲ್ಲ. ಇಂಟರ್‌ಲಾಕೆನ್‌ನಿಂದ ಟಿಕೆಟ್ ಇನ್ನೂರು ಫ್ರಾಂಕ್ ದಾಟುತ್ತೆ, ನನ್ನ ಹತ್ತಿರ ಉಳಿದಿದ್ದು 140. ಕ್ಲೈನ ಶೈಡೆಗ್‌ನಲ್ಲಿ ಕೂತು ಮೇಲೆ ಹೋಗೋ ರೈಲುಗಳನ್ನ ಎಣಿಸಿದೆ. ಅಲ್ಲೇ ಗುಜರಾತಿನ ಒಂದು ದೊಡ್ಡ ಗುಂಪು ಸಿಕ್ಕಿತು, ಎಲ್ಲ ಆಂಟಿಯರೂ ಸೀರೆ, ಮೇಲೆ ಬಾಡಿಗೆ ಜಾಕೆಟ್. ಮೇಷ್ಟ್ರೇ, ದಾಖಲೆ ಇಲ್ಲ ಅಂದಿದ್ದು ಪೂರ್ತಿ ಸರಿ.

ಈಗ ಜೀನ್ಸ್ ಕಥೆ. ಇನ್ಸ್‌ಬ್ರುಕ್ ಇರೋ ಟಿರೋಲ್ ಪ್ರಾಂತ್ಯದಲ್ಲಿ ಒಂದು ಕಡೆ ಭಟ್ರ ಮಾತು ಮರೆತು ಚೇರ್‌ಲಿಫ್ಟ್ ಸಾಲಲ್ಲಿ ನಿಂತೆ. ಅಲ್ಲಿನ ಮನುಷ್ಯ ನನ್ನನ್ನ ಮೇಲಿಂದ ಕೆಳಗೆ ನೋಡಿ ಲಿಫ್ಟ್ ನಿಧಾನ ಮಾಡಿ, ಬೈದು, ಸೆರಗು ತೋರಿಸಿ ಸುತ್ತಿ ಕಟ್ಟು ಅಂದ. ಕಟ್ಟಿದೆ. ಹತ್ತಿದೆ. ಇಳಿಯುವಾಗ ಸೆರಗು ಸಿಕ್ಕಲಿಲ್ಲ. ನಿರಿಗೆ ಸಿಕ್ಕಿತು. ಹಿಂದೆ ಇತ್ತಲ್ಲ! ಮೇಲಿದ್ದವನು ಗುಂಡಿ ಒತ್ತಿ ನಿಲ್ಲಿಸಿದ. ಲಾಡಿ ಗಟ್ಟಿ ಇತ್ತು, ಸೀರೆ ಹರಿಯಲಿಲ್ಲ, ಲೆಗ್ಗಿಂಗ್ಸ್ ಇತ್ತು, ಮಾನ ಉಳೀತು. ದಡಿಗೆ ಮಾತ್ರ ಕಪ್ಪು ಗ್ರೀಸ್ ಹತ್ತಿದೆ, ಒಂದು ಗೇಣು. ಮಾರನೇ ದಿನ ಮನಸ್ಸೇ ಬರಲಿಲ್ಲ, ಜೀನ್ಸ್ ಹಾಕಿದೆ. ಅದರ ಮರುದಿನ ಮತ್ತೆ ಸೀರೆ.

ಇನ್ನೊಂದು ಯಾರೂ ಹೇಳಿರಲಿಲ್ಲ: ಮಳೆಗೆ ನೆಂದು ಗಿರಿಕುಂಕುಮ ಬಣ್ಣ ಬಿಟ್ಟಿತು. ನನ್ನ ಬಿಳಿ ಥರ್ಮಲ್ ಈಗ ಗುಲಾಬಿ.

ಬೆಟ್ಟ_ಹತ್ತೋ_ಭಟ್ಟ
ಚೇರ್‌ಲಿಫ್ಟ್ ಬೇಡ ಅಂತ ಕನ್ನಡದಲ್ಲೇ ಬರೆದಿದ್ದೆನಲ್ಲಾ!

ಮಡಿಕೇರಿ_ಮಂಜು
ನಾನು ಅಣ್ಣ. ನಮ್ಮ ಕಾಲದಲ್ಲಿ ಕೊಡಗಲ್ಲಿ ಚೇರ್‌ಲಿಫ್ಟ್ ಇರಲಿಲ್ಲ, ಹಾಗಾಗಿ ನಿರಿಗೆಗೆ ನಾನು ಜವಾಬ್ದಾರನಲ್ಲ.

ನೇಕಾರನ_ಮಗ
ಗ್ರೀಸ್ ಮೇಲೆ ನೀರು ಹಾಕಬೇಡ ತಂಗಿ. ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ಒಂದು ರಾತ್ರಿ ಬಿಡು, ಎಣ್ಣೆ ಎಳೆಯುತ್ತೆ. ಬೆಳಿಗ್ಗೆ ಮೃದು ಬ್ರಷ್‌ನಿಂದ ಕೊಡವು, ಉಜ್ಜಬೇಡ. ಉಳಿದಿದ್ದು ಊರಿಗೆ ಬಂದಾಗ ನೋಡೋಣ. ಮಗ್ಗದವರಿಗೆ ಹೇಳಿ ದಡಿ ಬದಲಾಯಿಸಬಹುದು.

ದಾವಣಗೆರೆ_ಬೆಣ್ಣೆ
ಆ ಬರಿತಲೆ ಮಂದೆ ವಿಷಯ ಓದಿ ಒಂಥರಾ ಆಯ್ತು. ಅದಿರಲಿ, ಅಜ್ಜಿ ಏನಂದ್ರು? ಅದನ್ನೇ ಬರೆದಿಲ್ಲ.

ಹುನಗುಂದದ_ಹುಡುಗಿ
ಹದಿನಾರು ಫೋಟೋ ಕಳಿಸಿದ್ದೆ ಅಣ್ಣಾ. ಐಗರ್, ಹಿಮ, ಸರೋವರ, ದನ, ಎಲ್ಲ. ಅಜ್ಜಿ ಕನ್ನಡಕ ಹಾಕ್ಕೊಂಡು ಒಂದೊಂದೇ ದೊಡ್ಡದು ಮಾಡಿ ನೋಡಿ ಫೋನ್ ಮಾಡಿದರು. "ದಡಿಗೆ ಅದೇನ್ ಕರ್ರಗ ಹತ್ತೇತಿ?"

ಪಂಚೆ_ಪ್ರಿಯ
ಏನು ಹೇಳಿದೆ?

ಹುನಗುಂದದ_ಹುಡುಗಿ
ನೆರಳು ಅಂದೆ. ನಂಬಿಲ್ಲ.